ಸೀಮೆಸುಣ್ಣದ ಗುರುತು

ತಮ್ಮ ಹೋದ ಸುದ್ದಿ ಬಂದಾಗ ನಾನು ಲಾರಿಯ ರೇಡಿಯೇಟರನ್ನು ಬಿಚ್ಚುತ್ತಿದ್ದೆ. ಕೊನೆಯ ಬೋಲ್ಟು ತುಕ್ಕು ಹಿಡಿದು ಹಟ ಮಾಡುತ್ತಿತ್ತು. ಅದನ್ನು ಬೈಯುತ್ತಿರುವಾಗಲೇ ಫೋನು ಬಂತು. ಮಾತಾಡಿದವನು ಲೇತ್ ಮೇಸ್ತ್ರಿ, ತಮ್ಮನ ಬಾಲ್ಯದ ಗೆಳೆಯ. ಯಾರನ್ನಾದರೂ ಕಿಚಾಯಿಸದೆ ಮಾತು ಶುರುಮಾಡಿದವನಲ್ಲ. ಆ ದಿನ ಮಾತ್ರ "ಅಣ್ಣಾ, ಒಂದ್ಸಲ ಇಲ್ಲಿಗೆ ಬಂದುಬಿಡಿ" ಎಂದಷ್ಟೇ ಹೇಳಿದ. ಅವನ ಬೆನ್ನ ಹಿಂದೆ ಲೇತಿನ ಸದ್ದು ಕೇಳಿಸಲಿಲ್ಲ. ಹಗಲುಹೊತ್ತಿನಲ್ಲಿ ಆ ಯಂತ್ರ ನಿಂತದ್ದನ್ನು ನಾನು ಕಂಡವನೇ ಅಲ್ಲ. ಸ್ಪ್ಯಾನರನ್ನು ಬೋಲ್ಟಿನ ಮೇಲೆಯೇ ಬಿಟ್ಟು ಹೊರಟೆ.

ಲೇತ್ ಮೇಸ್ತ್ರಿಯ ಅಂಗಡಿಯಲ್ಲಿ, ಬೆಂಚಿನ ಮೇಲೆ ತಮ್ಮ ಗೋಡೆಗೆ ಒರಗಿ ಕುಳಿತಿದ್ದ. ಬೆಳಿಗ್ಗೆ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಿದ್ದ ಕ್ರ್ಯಾಂಕು, ಇಂಜಿನ್ನಿನೊಳಗೆ ತಿರುಗುವ ಉಕ್ಕಿನ ದಂಡ, ಅವನ ಕಾಲ ಬಳಿ ಇತ್ತು. ಅದನ್ನು ಅರೆದು ನಯಮಾಡಿಸಲು ಬಂದಿದ್ದ. ಮೇಸ್ತ್ರಿ ಅರೆಯುವ ಕಲ್ಲು ಬದಲಿಸಿ ತಿರುಗಿ ನೋಡುವಷ್ಟರಲ್ಲಿ ಎಲ್ಲವೂ ಮುಗಿದಿತ್ತಂತೆ. ಮುಖದಲ್ಲಿ ನೋವಿನ ಗುರುತಿರಲಿಲ್ಲ. ಅದು ದೇವರ ದಯೆ.

ನಮ್ಮ ಲಾರಿ ಹಳೆಯದು. ತಮ್ಮ ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದ. ಓಡಿಸುವವನು ನಾನು, ರಿಪೇರಿ ಅವನದು. ಇಬ್ಬರ ಬದುಕೂ ಹಾಗೆಯೇ ಸಾಗಿತ್ತು. ಅಜ್ಜಿಯ ಇಂಜಿನ್ನಿನೊಳಗೆ ಸಲಾಕೆ ಮುರಿದು ಅದರ ಮೈಯಾದ ಬ್ಲಾಕಿನ ಗೋಡೆಯೇ ಒಡೆದುಹೋದಾಗ ನಾನು ಕೈಚೆಲ್ಲಿದೆ. ಅವನು ಬಿಡಲಿಲ್ಲ. ಗುಜರಿ ಅಂಗಳಗಳನ್ನೆಲ್ಲ ಅಲೆದು, ಬೇರೊಂದು ಜಾತಿಯ ಲಾರಿಯ ಡೀಸೆಲ್ ಇಂಜಿನ್ ಹುಡುಕಿ ತಂದ. ಅದನ್ನು ಪೂರ್ತಿ ಬಿಚ್ಚಿ, ಹೊಸದಾಗಿ ಕಟ್ಟಿ, ಅಜ್ಜಿಗೆ ಕೂರಿಸುವುದು ಅವನ ಯೋಜನೆ. ಉದ್ದ ಹೆಚ್ಚಾಗಿದ್ದರಿಂದ ರೇಡಿಯೇಟರು ಮುಂದಕ್ಕೆ ಸರಿಯಬೇಕು, ಇಂಜಿನ್ ಕೂರುವ ಕಾಲುಗಳನ್ನು ಹೊಸದಾಗಿ ಬೆಸೆಯಬೇಕು. ಇದೆಲ್ಲವನ್ನೂ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜದಳತೆಗೇ ಬರೆದಿದ್ದ. ಅದನ್ನು ತುಳಿದವರಿಗೆ ಬೈಗುಳ ಕಾದಿರುತ್ತಿತ್ತು.

ಅವನನ್ನು ಊರೆಲ್ಲ ಕಿವಿ ಮೇಸ್ತ್ರಿ ಎನ್ನುತ್ತಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಿದ್ದ. ಅವನು ಆರಿಸಿಕೊಟ್ಟ ಇಂಜಿನ್ ಯಾರಿಗೂ ಕೈಕೊಟ್ಟದ್ದಿಲ್ಲ. ಅವನಿಗೆ ಇದ್ದ ಆಸ್ತಿ ಎಂದರೆ ಆ ಹೆಸರೊಂದೇ. ಈ ಇಂಜಿನ್ನನ್ನೂ ಗುಜರಿಯಲ್ಲಿ ಚಾಲೂ ಮಾಡಿಸಿ, ಕಣ್ಣುಮುಚ್ಚಿ ಕೇಳಿ, ಇದಕ್ಕೆ ಇನ್ನೊಂದು ಆಯುಸ್ಸಿದೆ ಎಂದು ಹೇಳಿದ್ದ.

ಅದನ್ನು ಕಟ್ಟಿ ಮುಗಿಸಬೇಕೆಂಬ ಒಂದೇ ಯೋಚನೆ ನನ್ನಲ್ಲಿ ಉಳಿಯಿತು. ಅವನು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಇದು ಅರ್ಧಕ್ಕೆ ನಿಂತರೆ ಅವನ ಆತ್ಮಕ್ಕೆ ನೆಮ್ಮದಿ ಇರಲಾರದು ಎನಿಸಿತು. ಅವನ ಹೆಂಡತಿಗೂ ಅದೇ ಆಸೆ. ಒಂದು ಸಲ ಅದು ಓಡುವ ಸದ್ದು ಕೇಳಿದರೆ ಸಾಕು, ಆಮೇಲೆ ಮಾರಿದರೂ ಸರಿ ಎಂದಳು. ಲೇತ್ ಮೇಸ್ತ್ರಿ ಕ್ರ್ಯಾಂಕನ್ನು ಅರೆದುಕೊಟ್ಟು, ಕಟ್ಟುವುದಕ್ಕೂ ತಾನೇ ಬರುವುದಾಗಿ ಮಾತುಕೊಟ್ಟ.

ಬಂದ ನೆಂಟರೆಲ್ಲ ಹೋದ ಮೇಲೆ ನಾನು ಶೆಡ್ಡಿನ ಬಾಗಿಲು ತೆರೆದೆ. ನೆಲ ತೊಳೆದು ಲಕಲಕ ಎನ್ನುತ್ತಿತ್ತು. ಸೀಮೆಸುಣ್ಣದ ಚಿತ್ರವನ್ನು ಮಾತ್ರ ಮುಟ್ಟದೆ, ಅದರ ಸುತ್ತಲೂ ಒರೆಸಲಾಗಿತ್ತು. ಬೆಂಚಿನ ಮೇಲೆ ಬಿಳಿಬಟ್ಟೆ ಹಾಸಿ, ಇಂಜಿನ್ನಿನ ಭಾಗಗಳನ್ನು ಹಬ್ಬಕ್ಕೆ ಬೆಳಗಿದ ಪಾತ್ರೆಗಳ ಹಾಗೆ ಸಾಲಾಗಿ ಜೋಡಿಸಲಾಗಿತ್ತು. ಕಪ್ಪು ಎಣ್ಣೆಯ ಸುಳಿವೇ ಇಲ್ಲ. ಎಲ್ಲವೂ ಬೆಳ್ಳಿಯಂತೆ ಹೊಳೆಯುತ್ತಿದ್ದವು.

ಇಷ್ಟು ವರ್ಷವೂ ತಮ್ಮನ ಹೆಂಡತಿ ಇಂಜಿನ್ನಿನ ಯಾವ ಭಾಗವನ್ನೂ ಮುಟ್ಟುವಂತಿರಲಿಲ್ಲ. ಇಂಜಿನ್ ನಿನ್ನ ಸವತಿ, ಹತ್ತಿರ ಹೋಗಬೇಡ ಎಂದು ತಮ್ಮ ರೇಗಿಸುತ್ತಿದ್ದ. ಆ ಸವತಿಯ ಕೊಳೆಯನ್ನು ನಿಮ್ಮ ಅಂಗಿಯಿಂದ ಬಿಡಿಸುವವಳು ಮಾತ್ರ ನಾನು ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಈಗ ನನ್ನ ಹಿಂದೆ ಬಂದು ಬಾಗಿಲಲ್ಲಿ ನಿಂತಳು.

"ಸವತಿಗೆ ನಾನೇ ಸ್ನಾನ ಮಾಡಿಸಿದೆ, ಭಾವ," ಎಂದಳು. "ನೋಡೋಕೆ ಬಂದೋರೆಲ್ಲ ಇಣುಕಿ ಹೋಗ್ತಿದ್ರು. ಅವರ ಕೆಲಸ ಕೊಳಕಾಗಿ ಕಾಣಬಾರದು ಅಂತ. ಸೀಮೆಎಣ್ಣೇಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿದೆ. ಉಗುರೆಲ್ಲ ಸವೆದುಹೋಯ್ತು."

ಚೆನ್ನಾಗಿದೆ ಮಗಳೇ ಎಂದೆ.

ಕ್ರ್ಯಾಂಕನ್ನು ಬ್ಲಾಕಿಗೆ ಅಪ್ಪಿ ಹಿಡಿಯುವ ಕಬ್ಬಿಣದ ಕಮಾನುಗಳಿಗೆ ಕ್ಯಾಪು ಎನ್ನುತ್ತಾರೆ. ನೋಡಲು ಎಲ್ಲವೂ ಅವಳಿಜವಳಿ ಮಕ್ಕಳಂತೆ. ಆದರೆ ಪ್ರತಿಯೊಂದೂ ತನ್ನ ಜಾಗದಲ್ಲೇ ಕೊರೆಯಿಸಿಕೊಂಡದ್ದು. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಕ್ರ್ಯಾಂಕು ಬಿಗಿದುಕೊಳ್ಳುತ್ತದೆ. ಬಿಚ್ಚುವವರೆಲ್ಲ ಉಳಿಯಂಥ ಪಂಚಿನಿಂದ ಹೊಡೆದು ಚುಕ್ಕೆಗಳ ಗುರುತು ಮಾಡುತ್ತಾರೆ. ತಮ್ಮ ಹೊಡೆಯುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಅಂಕಿ ಬರೆದು, ಗೋಣಿಯ ಮೇಲೆ ಸಾಲಾಗಿ ಇಟ್ಟುಬಿಡುತ್ತಿದ್ದ. ಈಗ ಆ ಅಂಕಿಗಳೂ ಇಲ್ಲ, ಗೋಣಿಯ ಸಾಲೂ ಇಲ್ಲ.

ಲೇತ್ ಮೇಸ್ತ್ರಿ ಬಂದು ಒಂದು ಕ್ಯಾಪನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಬ್ಲಾಕಿಗೆ ತಾಗಿ ಕೂರುವ ಅದರ ಮೈಮೇಲೆ ಉಗುರಾಡಿಸಿದ. ಅವನ ಮುಖ ಇಳಿದುಹೋಯಿತು.

"ಪಂಚ್ ಹೊಡೆಯೋ, ಪಂಚ್ ಹೊಡೆಯೋ ಅಂತ ಬಾಯಿ ಬಡ್ಕೊಂಡೆ. ಹೊಡೆದ್ರೆ ಅದಕ್ಕೆ ನೋವಾಗುತ್ತೆ ಅಂತಿದ್ದ, ಪುಣ್ಯಾತ್ಮ."

ಆದರೂ ಅವನು ಒಂದೇಟಿಗೆ ಬಿಡಲಿಲ್ಲ. ಬ್ಲಾಕು, ಕ್ಯಾಪು ಎಲ್ಲವನ್ನೂ ಅಂಗಡಿಗೆ ಸಾಗಿಸಿದೆವು. ಒಂದೊಂದು ಕ್ಯಾಪನ್ನೂ ಒಂದೊಂದು ಜಾಗಕ್ಕೆ ಕೂರಿಸಿ, ಬಿಗಿದು, ಒಳಗಿನ ವೃತ್ತವನ್ನು ಅಳೆದ. ನಾನು ಬೋಲ್ಟು ಬಿಗಿಯುತ್ತಾ ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದೆ. ಒಂದು ಕಡೆ ಸರಿಹೋಯಿತೆಂದು ಮೇಸ್ತ್ರಿ ಹುಬ್ಬೇರಿಸಿದ. ಅಡ್ಡಲಾಗಿ ಅಳೆದು ಮತ್ತೆ ತಲೆಯಲ್ಲಾಡಿಸಿದ. ಎಲ್ಲಿ ಯಾವುದನ್ನಿಟ್ಟರೂ ವೃತ್ತ ಮೊಟ್ಟೆಯಾಗುತ್ತಿತ್ತು. ಗುರುತು ಅಳಿಸಿದ್ದಷ್ಟೇ ಆಗಿದ್ದರೆ ಅಳೆದು ಅಳೆದು ಹುಡುಕಬಹುದಿತ್ತು. ಉಪ್ಪುಕಾಗದ ಕೂರುವ ಮೈಯನ್ನೇ ತಿಂದಿತ್ತು.

ಕಾಗದ ಉಜ್ಜಿದರೆ ಎಷ್ಟು ಸವೆದೀತು, ಕೂದಲೆಳೆಯಷ್ಟೂ ಇರಲಿಕ್ಕಿಲ್ಲ ಎಂದು ನಾನು ವಾದಿಸಿದೆ. ಇದನ್ನು ಕೆಡಿಸಲು ಅದರ ಹತ್ತನೇ ಒಂದು ಪಾಲು ಸಾಕು ಎಂದ. ಎಲ್ಲವನ್ನೂ ಸೇರಿಸಿ ಹೊಸದಾಗಿ ಕೊರೆಯಬಹುದಲ್ಲ ಎಂದು ಕೇಳಿದೆ. ಈ ಬ್ಲಾಕಿಗೆ ಆ ಕೆಲಸ ಹಿಂದೆಯೇ ಒಮ್ಮೆ ಆಗಿದೆಯಂತೆ. ಇನ್ನೊಮ್ಮೆ ಕೊರೆದರೆ ಕ್ರ್ಯಾಂಕು ಮೇಲೇರಿ, ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆಯಂತೆ. ಬೇರೆ ಕ್ಯಾಪುಗಳನ್ನು ತಂದರೂ ಅದೇ ಕಥೆ. ಅವನು ಕೈ ಒರೆಸಿಕೊಂಡ ಚಿಂದಿಯನ್ನು ಬೆಂಚಿನ ಮೇಲಿಟ್ಟ. ತಮ್ಮ ಕೂತಿದ್ದ ಬೆಂಚು ಅದೇ. ಅಲ್ಲಿ ನಾವಿಬ್ಬರೂ ಕೂರಲಿಲ್ಲ.

"ಅವಳಿಗೆ ಏನು ಹೇಳ್ತೀರಿ?" ಎಂದು ಕೇಳಿದ.

ಮನೆಯ ದಾರಿಯುದ್ದಕ್ಕೂ ನನಗೂ ಅದೇ ಚಿಂತೆ. ನಿಜ ಹೇಳಿದರೆ, ಗಂಡನ ಕೊನೆಯ ಕೆಲಸವನ್ನು ತನ್ನ ಕೈಯಾರೆ ಹಾಳುಮಾಡಿದೆನೆಂಬ ಕೊರಗು ಅವಳನ್ನು ಉಳಿದ ಆಯುಸ್ಸೆಲ್ಲ ಅರೆಯುತ್ತದೆ. ಸುಳ್ಳು ಹೇಳಬೇಕೆಂದರೆ, ನನಗೆ ತೋಚಿದ ಸುಳ್ಳು ಒಂದೇ. ಅದು ತಮ್ಮನ ಹೆಸರನ್ನು ತಿನ್ನುವಂಥದು.

ಅವಳು ಬಾಗಿಲಲ್ಲೇ ಕಾದಿದ್ದಳು. ಯಾವಾಗ ಚಾಲೂ ಆಗುತ್ತೆ ಎಂದು ಕೇಳಿದಳು. ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದೆ.

"ಆಗಲ್ಲಮ್ಮಾ. ಬ್ಲಾಕ್ ಒಳಗೇ ಬಿರುಕು ಬಿಟ್ಟಿತ್ತು. ತರೋವಾಗ್ಲೇ ಬಿಟ್ಟಿತ್ತು."

"ಅವರು ಕೇಳಿ ತಂದಿದ್ರಲ್ಲ, ಭಾವ?"

"ಈ ಸಲ ಅವನ ಕಿವಿಗೂ ಮೋಸ ಆಯ್ತು."

ಅವಳು ಸವೆದ ಉಗುರುಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, "ಗೊತ್ತಾಗೋ ಮೊದಲೇ ಹೋದ್ರಲ್ಲ, ಒಳ್ಳೇದಾಯ್ತು ಬಿಡಿ. ತಡ್ಕೊಳ್ತಿರಲಿಲ್ಲ ಅವರು," ಎಂದು ಒಳಗೆ ಹೋದಳು.

ಮಾತು ಊರಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಗುಜರಿಯವನು ಮನೆಗೇ ಬಂದು ಜಗಳ ತೆಗೆದ. ತಾನು ಕೊಟ್ಟದ್ದು ಒಳ್ಳೆಯ ಮಾಲು, ಬಿರುಕಿದ್ದರೆ ತೋರಿಸಿ ಎಂದ. ನಾನು ಏನನ್ನೂ ತೋರಿಸದೆ ಅವನನ್ನು ಸಾಗಹಾಕಿದೆ. ಚಹದಂಗಡಿಯಲ್ಲಿ ಡ್ರೈವರುಗಳು ನಾನಿರುವುದನ್ನು ಕಾಣದೆ ಆಡಿಕೊಂಡರು. ವಯಸ್ಸಾದ ಮೇಲೆ ಕಿವಿ ಮೇಸ್ತ್ರಿಯ ಕಿವಿ ಕೆಟ್ಟಿತ್ತು, ಅವನು ಮುಟ್ಟಿದ ಗಾಡಿಗಳನ್ನೆಲ್ಲ ಇನ್ನೊಮ್ಮೆ ನೋಡಿಸಬೇಕು ಎಂದು ಒಬ್ಬ ಹೇಳಿದ. ಉಳಿದವರು ನಕ್ಕರು. ನಾನು ಲೋಟ ಕೆಳಗಿಟ್ಟು, ಎದ್ದು ಹಿಂದಿನ ಬಾಗಿಲಿನಿಂದ ಹೊರಬಂದೆ. ಲೇತ್ ಮೇಸ್ತ್ರಿಗೂ ಯಾರೋ ಕೆಣಕಿ ಕೇಳಿದರಂತೆ. ಅವನು ಯಂತ್ರದ ಸದ್ದು ಜೋರುಮಾಡಿದನಂತೆ.

ಕೊನೆಗೆ ಅಜ್ಜಿಯನ್ನೂ ಆ ಇಂಜಿನ್ನನ್ನೂ ಅದೇ ಗುಜರಿಯವನೇ ಎಳೆದುಕೊಂಡು ಹೋದ. ಹೋಗುವಾಗ ಅಜ್ಜಿಯ ಚಕ್ರ ನೆಲದ ಚಿತ್ರದ ಮೇಲೆ ಹರಿದು, ಇಂಜಿನ್ ಕೂರಬೇಕಿದ್ದ ಜಾಗ ಅಳಿಸಿಹೋಯಿತು. ಉಳಿದದ್ದನ್ನು ನಾನು ಒರೆಸಿಲ್ಲ. ಅವಳೂ ಒರೆಸಿಲ್ಲ.

ಈಗ ಬೆಳಿಗ್ಗೆ ಎದ್ದರೆ ಮಾಡಲು ಕೆಲಸವಿಲ್ಲ. ಖಾಲಿ ಶೆಡ್ಡಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೈಮುಗಿದು ಕೂರುತ್ತೇನೆ. ದೇವರೇ, ಅವನ ಕಿವಿ ಕೆಟ್ಟಿರಲಿಲ್ಲ. ಅವನು ಆರಿಸಿದ ಇಂಜಿನ್ ಒಳ್ಳೆಯದೇ ಆಗಿತ್ತು. ಇದನ್ನು ಈ ಊರಿನಲ್ಲಿ ನಾನು ಹೇಳಲಾರೆ, ನಿನಗೆ ಹೇಳುತ್ತಿದ್ದೇನೆ. ಸುಳ್ಳಿನ ಪಾಪ ನನ್ನ ತಲೆಯ ಮೇಲಿರಲಿ, ಅದರ ನೆರಳೂ ಅವನನ್ನು ತಾಗದಿರಲಿ. ಕೆಲಸ ಅರ್ಧವಾಯಿತೆಂದು ಅವನು ಚಡಪಡಿಸುತ್ತಿದ್ದರೆ, ಹತ್ತಿರ ಕೂರಿಸಿಕೊಂಡು ಸಮಾಧಾನ ಹೇಳು. ಕಬ್ಬಿಣಕ್ಕೂ ನೋವು ಮಾಡಲಾರದೆ ಬದುಕಿದ ನನ್ನ ತಮ್ಮನಿಗೆ ಯಾವ ನೋವೂ ಇಲ್ಲದ ಜಾಗ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.