ಹಳದಿ ಪರದೆ

"ಏನೊತ್ತಿದೆಯಮ್ಮ ನೀನು? ಮೊನ್ನೆ ತನಕ ಚೆನ್ನಾಗಿತ್ತಲ್ಲ," ಎಂದು ಡಿಟಿಪಿ ಅಂಗಡಿಯ ಯಜಮಾನ ಷಡಕ್ಷರಪ್ಪ ಮೂರನೆಯ ಸಲ ಕೇಳಿದರು.

ಮೀನಾಕ್ಷಿ ಏನೂ ಒತ್ತಿರಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ್ದೇ ತಡ, ಪರದೆ ಪೂರ್ತಿ ಹಳದಿ. ಅಕ್ಷರಗಳೋ, ಒಂದೊಂದೂ ತೆಂಗಿನಕಾಯಿ ಗಾತ್ರ. ಗೃಹಪ್ರವೇಶದ ಕಾರ್ಡು ಅರ್ಧವೇ ಕಾಣುತ್ತಿತ್ತು. ಪ್ರಿಂಟ್ ಕೊಡಲು ಒತ್ತಬೇಕಾದ ಗುಂಡಿ ಪರದೆಯ ಕೆಳಗೆಲ್ಲೋ ಹೋಗಿ ಕೂತಿತ್ತು. ರೆಸಲ್ಯೂಶನ್ ಹೆಚ್ಚಿಸೋಣವೆಂದರೆ ಪಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಅಳತೆ. ಆಫ್ ಮಾಡಿ ಆನ್ ಮಾಡಿದ್ದಾಯಿತು, ಡ್ರೈವರ್ ಸಿ.ಡಿ. ಹಾಕಿದ್ದಾಯಿತು. ಊಹೂಂ.

ಅರೇಹಳ್ಳಿಯವರು ಮೂರು ಗಂಟೆಯ ಬಸ್ಸಿಗೆ ಕಾರ್ಡು ಒಯ್ಯಬೇಕಿತ್ತು. ಆಗಲೇ ಒಂದೂವರೆ.

"ಆಗಲ್ಲ ಅಂದ್ರೆ ಹೇಳ್ಬಿಡು. ಬೇರೆಯೋರು ಬತ್ತಾರೆ, ನಾಳೆಯಿಂದ ಅವರೇ ಕೂತ್ಕೊತಾರೆ." ಷಡಕ್ಷರಪ್ಪ ಫೋನಿನ ಮೇಲೆ ಕೈಯಿಟ್ಟರು.

ಬೇಲೂರಿನಲ್ಲಿ ಕೋರ್ಸು ಮುಗಿಸಿ, ಅರಸೀಕೆರೆಯ ಆರು ಅಂಗಡಿ ಸುತ್ತಿದ ಮೇಲೆ ಮೀನಾಕ್ಷಿಗೆ ಸಿಕ್ಕ ಕುರ್ಚಿ ಇದು. ಮಿಕ್ಕವರು ಊರು ಕೇಳಿ, ಕೇರಿ ಕೇಳಿ, ಆಮೇಲೆ ಜಾಗ ಖಾಲಿಯಿಲ್ಲ ಎಂದಿದ್ದರು. ಷಡಕ್ಷರಪ್ಪ ಕೆಲಸವನ್ನಾದರೂ ಕೊಟ್ಟರು. ಮೊನ್ನೆಯ ಆಯುಧಪೂಜೆಯ ದಿನ ಮಾತ್ರ, "ನೀನು ರಜಾ ತಗೊಳಮ್ಮ" ಎಂದಿದ್ದರು. ಯಾಕೆಂದು ಅವಳು ಕೇಳಿರಲಿಲ್ಲ, ಗೊತ್ತಿತ್ತು.

"ಒಂದ್ ಹತ್ತು ನಿಮಿಷ ಕೊಡಿ ಸಾರ್."

ಮೇಜಿನ ಹಿಂದೆ ಬಗ್ಗಿದಳು. ಹಳೇ ಮಾನಿಟರಿನ ವೈರಿಗೂ ಕಂಪ್ಯೂಟರಿಗೂ ನಡುವೆ ಬೆರಳುದ್ದದ ಅಡಾಪ್ಟರೊಂದಿತ್ತು. ಬಿಚ್ಚಿ ನೋಡಿದರೆ, ಅದರ ತೂತುಗಳ ಮೇಲೆಯೇ ಮೂರು ಬಿಳಿ ಗೆರೆ, ನಡುವೆ ಕುಂಕುಮ. ಪೂಜೆಗೆಂದು ಷಡಕ್ಷರಪ್ಪ ಎಲ್ಲವನ್ನೂ ಬಿಚ್ಚಿ ಮಣೆಯ ಮೇಲಿಟ್ಟು, ನೀರಲ್ಲಿ ಕಲಸಿದ ವಿಭೂತಿ ಬಳಿದು, ತಾವೇ ಮತ್ತೆ ಜೋಡಿಸಿದ್ದರು. ಬಣ್ಣ, ಅಳತೆ ಸಾಗಿಸುವ ಪಿನ್ನು ಕೂರಬೇಕಾದ ತೂತುಗಳಲ್ಲಿ ನಾಲ್ಕು ಗಟ್ಟಿಯಾಗಿ ಮುಚ್ಚಿಹೋಗಿದ್ದವು.

ಖಾಲಿ ಹಾಳೆಯೊಂದನ್ನು ಹಾಸಿ, ಗುಂಡುಪಿನ್ನಿನಿಂದ ಒಂದೊಂದೇ ತೂತು ಕೆದಕಿದಳು. ಸಿಕ್ಕಿಸಿ ಆನ್ ಮಾಡಿದಳು. ಪರದೆ ಬೆಳ್ಳಗೆ ಬಂತು. ಅಳತೆಯ ಪಟ್ಟಿ ಉದ್ದವಾಯಿತು, ಕಾರ್ಡು ಇಡಿಯಾಗಿ ಕಂಡಿತು. ಪ್ರಿಂಟ್ ಒತ್ತಿದಳು.

"ನೋಡು, ನೀನೇ ಏನೋ ಮಾಡಿದ್ದೆ," ಎಂದರು ಷಡಕ್ಷರಪ್ಪ, ಫೋನಿನಿಂದ ಕೈ ತೆಗೆದು.

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಸುಮ್ಮನಿರಲಾಗಲಿಲ್ಲ. ಪುಡಿ ಉದುರಿದ್ದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು.

"ಇದು ಒಳಗಿತ್ತು ಸಾರ್. ಪೂಜೆ ದಿನ ನಾನು ರಜದಲ್ಲಿದ್ದೆ."

ವಿಭೂತಿ ಕಂಡದ್ದೇ ಷಡಕ್ಷರಪ್ಪನವರ ಬೆರಳು ರೂಢಿಯಂತೆ ಪುಡಿ ಮುಟ್ಟಿ ಹಣೆಯತ್ತ ಹೊರಟಿತು. ಅರ್ಧದಲ್ಲಿ ನಿಂತಿತು. ಅವರು ಹಾಳೆ ನೋಡಿದರು, ಅದನ್ನು ಹಿಡಿದ ಕೈ ನೋಡಿದರು.

ಮೊದಲ ಕಾರ್ಡು ಹೊರಬಿತ್ತು. ಬೆರಳು ಇನ್ನೂ ಅಲ್ಲೇ ಇತ್ತು.