ಚಂದಮ್ಮ ಬಿದ್ದದ್ದು ಆಟದಿಂದಲ್ಲ

ಶಹಾಬಾದದ ಕಾಲೇಜು ಮೈದಾನದಲ್ಲಿ ಚಂದಮ್ಮ ಚೆಂಡಿನ ಹಿಂದೆ ಓಡುತ್ತ ಓಡುತ್ತಲೇ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಮಧ್ಯಾಹ್ನದೊಳಗೆ ಊರೆಲ್ಲ ಒಂದೇ ಮಾತು: "ಹುಡುಗ್ಯಾರಿಗೆ ಫುಟ್‌ಬಾಲ್ ಆಡಸ್ತಾರಂತ. ಬೀಳದೆ ಇನ್ನೇನಾಗತದ?"

ಆ ಹುಡುಗಿಯರಿಗೆ ಆಟ ಕಲಿಸುತ್ತಿದ್ದವಳು ಜೈತುನ್ಬೀ. ಅವಳ ಅಪ್ಪ ಇದೇ ಊರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುತ್ತಿದ್ದ. ಕಲ್ಲಿನ ಅಡ್ಡೆಯ ಹಿಂದಿನ ಬಯಲಲ್ಲಿ ಅಣ್ಣಂದಿರ ಜೊತೆ ಚೆಂಡು ಒದ್ದು ಬೆಳೆದವಳು ಅವಳು. ತರಬೇತಿ ಮುಗಿಸಿ ಕಾಲೇಜಿಗೆ ಕೆಲಸಕ್ಕೆ ಬಂದ ದಿನ ಪ್ರಾಂಶುಪಾಲರು ಅವಳ ಕೈಗೆ ಎಸೆದಾಡುವ ಒಂದು ರಬ್ಬರ್ ರಿಂಗ್ ಕೊಟ್ಟು, "ಹುಡುಗ್ಯಾರಿಗೆ ಇಷ್ಟ ಸಾಕು" ಅಂದಿದ್ದರು. ಅವಳು ರಿಂಗನ್ನು ಮೇಜಿನ ಮೇಲಿಟ್ಟು ಫುಟ್‌ಬಾಲ್ ಕೇಳಿದಳು. ಮೈದಾನ ಹುಡುಗರದು ಅಂದರು. ಹುಡುಗರು ಏಳುವ ಮೊದಲೇ ಆಡಿಸಿದಳು. ಗೋಡೆಯ ಮೇಲೆ ಕೂತು ಸಿಳ್ಳೆ ಹೊಡೆಯುವವರನ್ನು ಅಟ್ಟಿಸಿಕೊಂಡು ಹೋದಳು. ಅಂತೂ ಗುಲಬರ್ಗಾದಲ್ಲಿ ಮೊದಲ ಪಂದ್ಯ ನಿಗದಿಯಾಗಿತ್ತು. ತಂಡದ ಎಲ್ಲರಿಗಿಂತ ಚುರುಕಾದ ಹುಡುಗಿ ಚಂದಮ್ಮ. ಅವಳೇ ಈಗ ಬಿದ್ದಿದ್ದಳು.

ಪ್ರಾಂಶುಪಾಲರು ಕರೆಸಿದರು. "ಆಟ ಬಂದ್ ಮಾಡ್ರಿ. ನಾಳೆ ಏನರ ಆದ್ರ ಯಾರ ಮೈಮ್ಯಾಲ ಬರತದ?"

ಜೈತುನ್ಬೀಯ ಕಿವಿ ಬಿಸಿಯಾದವು. "ಮೊನ್ನೆ ಒಬ್ಬ ಹುಡುಗ ಬಿದ್ದು ಕೈ ಮುರಕೊಂಡ. ಅವತ್ತ ಹುಡುಗರ ಆಟ ಯಾಕ ಬಂದ್ ಮಾಡಲಿಲ್ರಿ ಸರ್?"

"ಹುಡುಗರ ಮಾತ ಬ್ಯಾರೆ" ಎಂದು ಪ್ರಾಂಶುಪಾಲರು ಕಡತ ಬಿಚ್ಚಿದರು.

"ಮೊದಲ ಆಕಿ ಯಾಕ ಬಿದ್ದಾಳಂತ ತಿಳ್ಕೊಂಡ ಬರತೀನಿ. ಆಮ್ಯಾಲ ಮಾತಾಡೋಣ" ಎಂದು ಜೈತುನ್ಬೀ ಎದ್ದು ಬಂದಳು.

ಸರಕಾರಿ ದವಾಖಾನೆಯಲ್ಲಿ ನರ್ಸ್ ಯಂಕಮ್ಮ ಚಂದಮ್ಮನ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ತೋರಿಸಿದಳು. ಕೆಂಪಗಿರಬೇಕಾದ ಒಳಭಾಗ ಬೆಳ್ಳಗಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿ, "ಮೈಯಲ್ಲಿ ರಕ್ತ ಭಾಳ ಕಡಿಮೆ ಇದೆ. ಇದು ಆಟದಿಂದ ಬಂದದ್ದಲ್ಲ, ವರ್ಷಗಟ್ಟಲೆ ಸರಿಯಾಗಿ ಉಣ್ಣದೆ ಬಂದದ್ದು" ಎಂದರು.

"ಮನ್ಯಾಗ ಏನ್ ಉಣ್ತಿ?" ಜೈತುನ್ಬೀ ಕೇಳಿದಳು.

ಚಂದಮ್ಮ ತಲೆ ತಗ್ಗಿಸಿದಳು. "ಅಪ್ಪ, ಅಣ್ಣ ಎಲ್ಲಾರ್ದು ಆದ ಮ್ಯಾಲ ನಾನು ಅವ್ವ ಉಣ್ತೀವ್ರಿ. ಹಾಲು, ತುಪ್ಪ ಅಣ್ಣಗ ಹಾಕ್ತಾರ. ನಮಗ ರೊಟ್ಟಿ ಇರತಾವ. ಪಲ್ಯ ಒಮ್ಮೊಮ್ಮಿ ಉಳಿಯಂಗಿಲ್ರಿ."

ಅವಳ ಅಪ್ಪ ಅಮೃತಪ್ಪನದು ಕಿರಾಣಿ ಅಂಗಡಿ. ಮನೆಯಲ್ಲಿ ಜೋಳದ ಚೀಲ, ತೊಗರಿ ಚೀಲ, ಶೇಂಗಾ ಚೀಲ ಮಾಳಿಗೆಗೆ ತಾಗುವಷ್ಟು. ಅದನ್ನು ನೆನೆದಾಗ ಜೈತುನ್ಬೀಯ ಸಿಟ್ಟು ಇನ್ನಷ್ಟು ಏರಿತು. ಚಂದಮ್ಮನನ್ನೂ ಯಂಕಮ್ಮನನ್ನೂ ಕರೆದುಕೊಂಡು ಆ ಮನೆಗೆ ನಡೆದಳು.

"ಬರ್ರಿ ಅಕ್ಕೋರ, ಕುಂದ್ರಿ" ಅಂದ ಅಮೃತಪ್ಪ, ಮುಖ ಗಂಟು ಹಾಕಿಕೊಂಡೇ. "ನಾಳಿಯಿಂದ ನನ್ನ ಮಗಳು ಕಾಲೇಜಿಗೆ ಬರಂಗಿಲ್ಲ. ನೀವು ಓಡಿಸಿ ಓಡಿಸಿ ಆಕಿ ರಕ್ತ ಸುಟ್ರಿ."

"ನಾ ಸುಡಲಿಲ್ರಿ. ನೀವು ಆಕಿ ಮೈಯಾಗ ರಕ್ತ ಆಗಾಕ ಬಿಡಲಿಲ್ಲ!"

"ನನ್ನ ಮನ್ಯಾಗ ಊಟಕ್ಕ ಕಡಿಮಿ ಅದ ಅಂತೀರೇನು?"

"ಊಟಕ್ಕ ಕಡಿಮಿಲ್ಲ, ಹೆಣ್ಮಕ್ಕಳ ತಾಟಿನ್ಯಾಗ ಕಡಿಮಿ ಅದ. ಮಗನಿಗೆ ಹಾಲು, ತುಪ್ಪ, ಬ್ಯಾಳಿ. ಮಗಳಿಗೆ ಬೋಗುಣಿ ತಳ. ಇದು ಬಡತನ ಅಲ್ರಿ, ಅನ್ಯಾಯ!"

ಒಳಗಿನಿಂದ ಚಂದಮ್ಮನ ಅಜ್ಜಿ ಬಂದಳು. "ಹೆಣ್ಮಕ್ಕಳು ಕಡೀಗೆ ಉಣ್ಣೋದು ನಮ್ಮಲ್ಲಿ ಮೊದಲಿಂದ ಬಂದದ್ದವ್ವಾ. ನಾವೇನು ಸತ್ತೀವೇನು?"

ಯಂಕಮ್ಮ ಮುಂದೆ ಬಂದಳು. ಬಾಗಿಲ ಬಳಿ ನಿಂತಿದ್ದ ಚಂದಮ್ಮನ ತಾಯಿಯ ರೆಪ್ಪೆ ಎಳೆದು ನೋಡಿದಳು. ಅದೂ ಬೆಳ್ಳಗೆ. "ಆಯಿ, ನಿಮ್ಮ ಸೊಸಿದೂ ಹಿಂಗ ಅದ ನೋಡ್ರಿ. ಇಂಥವ್ರಿಗೆ ಹಡೆಯೋ ಹೊತ್ತಿಗೆ ರಕ್ತ ಹೋತಂದ್ರ ಜೀವ ಉಳಿಯೋದು ಕಷ್ಟ."

ಅಜ್ಜಿಯೂ ಹತ್ತಿರ ಬಂದು ಸೊಸೆಯ ಕಣ್ಣು ನೋಡಿದಳು. "ನನ್ನ ಮಗಳು ಹಂಗೇ ಹೋದಳು" ಅಂದಳು. "ಚೊಚ್ಚಲ ಬಾಣಂತನ. ರಕ್ತದಾಗ ಹಾಸಿಗಿ ತೊಯ್ದಿತ್ತು. ಬಸುರಿದ್ದಾಗಿಂದ ಸುಣ್ಣದಂಗ ಬೆಳ್ಳಗಾಗಿದ್ದಳು. ಬಣ್ಣ ಬಂದದ ಅಂದಿದ್ದೆ ನಾನು."

ಅಮೃತಪ್ಪನಿಗೆ ಆ ತಂಗಿ ನೆನಪಾದಳು. ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. "ಏನ್ ಮಾಡಬೇಕು ಹೇಳ್ರಿ ಅಕ್ಕೋರ" ಅಂದ.

ಯಂಕಮ್ಮ ಹೇಳಿಕೊಟ್ಟಳು. ದವಾಖಾನೆಯ ಕಬ್ಬಿಣಾಂಶದ ಗುಳಿಗೆ ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಮಲ ಕಪ್ಪಾದರೆ ಹೆದರಿ ಬಿಡಬಾರದು. ಮೆಂತ್ಯ, ಪಾಲಕದಂಥ ತೊಪ್ಪಲ ಪಲ್ಯ, ಬೇಳೆಕಾಳು, ಶೇಂಗಾ ದಿನಾ ತಿನ್ನಬೇಕು. ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಬೇಕು. ಊಟದ ಜೊತೆಗೆ ಚಹಾ ಬೇಡ. ಜಂತುಹುಳದ ಔಷಧಿಯನ್ನೂ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಬೇಕು. "ಎಲ್ಲಕ್ಕಿಂತ ಮೊದಲ" ಎಂದಳು ಜೈತುನ್ಬೀ, "ಇವತ್ತಿಂದ ಎಲ್ಲಾರೂ ಕೂಡೇ ಕುಂತ ಉಣ್ರಿ."

ಗುಲಬರ್ಗಾದ ಪಂದ್ಯಕ್ಕೆ ಚಂದಮ್ಮನಿಗೆ ಹೋಗಲಾಗಲಿಲ್ಲ. ತಂಡ ಸೋತಿತು. ಪ್ರಾಂಶುಪಾಲರು ಮತ್ತೆ ಬಂದ್ ಮಾತು ತೆಗೆದಾಗ ಅಮೃತಪ್ಪನೇ ಹೋಗಿ ಅವರ ಮುಂದೆ ನಿಂತ. "ಸಾಹೇಬ್ರ, ತಪ್ಪು ನನ್ನ ಮನ್ಯಾಗಿತ್ತು, ಮೈದಾನದಾಗಲ್ಲ. ಡಾಕ್ಟರು ಹ್ಞೂ ಅಂದ ಕೂಡ್ಲೇ ನನ್ನ ಮಗಳು ಆಡ್ತಾಳ." ಮರುವರ್ಷದ ಪಂದ್ಯದಲ್ಲಿ ಚಂದಮ್ಮ ಕೊನೆಯ ಸೀಟಿ ಊದುವವರೆಗೂ ಓಡಿದಳು. ತಂಡ ಗೆದ್ದು ಬಂತು.

ಜೈತುನ್ಬೀ ಕಾಲೇಜಿನಲ್ಲಿ ಇದ್ದಷ್ಟು ವರ್ಷವೂ ಚೆಂಡು ಕೊಡುವ ಮೊದಲು ಪ್ರತಿ ಹುಡುಗಿಯ ರೆಪ್ಪೆ ಎಳೆದು ನೋಡುತ್ತಿದ್ದಳು. ಬೆಳ್ಳಗಿನ ರೆಪ್ಪೆ ಕಾಣದ ವರ್ಷ ಒಂದೂ ಬರಲಿಲ್ಲ. ಅವಳ ಸಿಟ್ಟೂ ಇಳಿಯಲಿಲ್ಲ. ಸುತ್ತಲಿನ ಚಿತ್ತಾಪುರ ಇರಲಿ, ವಾಡಿ ಇರಲಿ, ಅಂಥ ಹುಡುಗಿಯ ಮನೆ ಹುಡುಕಿಕೊಂಡು ಹೋಗಿ ಜಗಳ ತೆಗೆಯುತ್ತಿದ್ದಳು.

ಇದನ್ನು ಕೇಳುತ್ತಿರುವ ಅವ್ವಂದಿರೇ, ಅಪ್ಪಂದಿರೇ, ನಿಮ್ಮ ಮಗಳು ಸ್ವಲ್ಪಕ್ಕೇ ಏದುಸಿರು ಬಿಡುತ್ತಾಳೆಯೇ? ತಲೆ ತಿರುಗುತ್ತದೆ ಅನ್ನುತ್ತಾಳೆಯೇ? ಆಟವನ್ನೂ ಓದನ್ನೂ ಬೈಯಬೇಡಿ. ಬೆಳಕಿನಲ್ಲಿ ನಿಲ್ಲಿಸಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಿ, ಹಾಗೆಯೇ ಅವಳ ತಾಯಿಯದೂ. ಬೆಳ್ಳಗಿದ್ದರೆ ಇಂದೇ ದವಾಖಾನೆಗೆ ಕರೆದೊಯ್ಯಿರಿ. ಮತ್ತು ಈ ಹೊತ್ತಿನ ಊಟಕ್ಕೆ ಮೊದಲ ತಾಟು ಅವಳಿಗೇ ಹಾಕಿ.