ಗುತ್ಯಪ್ಪನ ಮಂಗಳವಾರ

ಹೊಸನಗರದ ಬಸ್‌ಸ್ಟ್ಯಾಂಡಿನ ಪಕ್ಕ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಗುತ್ಯಪ್ಪನ ವಾರದಲ್ಲಿ ಮಂಗಳವಾರ ಬಿಟ್ಟು ಬೇರೆ ದಿನವೇ ಇರಲಿಲ್ಲ. ಯಾರು ಯಾವ ಕೆಲಸ ಹೇಳಿದರೂ ‘ಮಂಗಳವಾರ ಬರ್ತೀನಿ’ ಎನ್ನುತ್ತಿದ್ದ. ಯಾವ ಮಂಗಳವಾರ ಎಂದು ಕೇಳುವಷ್ಟು ಒರಟರು ಈ ಸೀಮೆಯಲ್ಲಿ ಕಡಿಮೆ. ಕೈಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಎಷ್ಟು ಕಾಯಿಸಿದರೂ ಜನ ತನಗಾಗಿಯೇ ಕಾಯುತ್ತಾರೆ ಎಂಬ ಧೈರ್ಯ ಅವನನ್ನು ಕೆಡಿಸಿತ್ತು.

ಎಂಬತ್ತೇಳರ ಬೇಸಿಗೆಯಲ್ಲಿ ಊರಾಚೆಯ ಮುಕುಂದಯ್ಯ ಗೌಡರ ಮನೆಗೆ ಟೀವಿ ಬಂತು. ಅದು ಸೊಸೆ ವನಮಾಲಾಳಿಗೆ ತವರಿನಿಂದ ಬಂದಿದ್ದು. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬದ ಮಗಳಿಗೆ ಹೊತ್ತಾದರೂ ಹೋಗಲಿ ಎಂದು ನಿಟ್ಟೂರಿನ ಅಪ್ಪ ಕೊಡಿಸಿದ್ದ. ಅತ್ತೆ ಜಲಜಮ್ಮ ಅದನ್ನು ಒಂದು ದಿನವೂ ಟೀವಿ ಎನ್ನಲಿಲ್ಲ, ‘ನಿಟ್ಟೂರಿನ ಪೆಟ್ಟಿಗೆ’ ಎನ್ನುತ್ತಿದ್ದರು. ಮರದ ಪೆಟ್ಟಿಗೆ, ಮುಂದೆ ಎರಡು ಕಡೆಯಿಂದ ಎಳೆದು ಬೀಗ ಹಾಕುವ ಬಾಗಿಲು. ಗುಂಡಿಗಳೆಲ್ಲ ಆ ಬಾಗಿಲ ಒಳಗಡೆ, ದನಿ ಬರುವ ಜಾಲರಿ ಮಾತ್ರ ಹೊರಗೆ ಪಕ್ಕದಲ್ಲಿ.

ತೊಂದರೆ ಹುಟ್ಟಿದ್ದು ಅಲ್ಲೇ. ಮುಕುಂದಯ್ಯ ಕಾಯಿಲೆ ಬಿದ್ದು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ನೋಡಲು ಯಾರಾದರೂ ಬಂದರೆ ವನಮಾಲಾ ಗಡಿಬಿಡಿಯಲ್ಲಿ ಬಾಗಿಲು ಎಳೆದು ಬೀಗ ಹಾಕುತ್ತಿದ್ದಳು, ಗುಂಡಿ ತಿರುಗಿಸಲು ಮರೆಯುತ್ತಿದ್ದಳು. ಬಂದವರ ಎದುರಿಗೆ ಪೆಟ್ಟಿಗೆ ತನ್ನ ಪಾಡಿಗೆ ಹಾಡುತ್ತಿತ್ತು. ಆಂಟೆನಾ ಸರಿಮಾಡಲು ಬಂದ ಗುತ್ಯಪ್ಪನನ್ನು ಅವಳು ಮೆಲ್ಲಗೆ ಕೇಳಿದಳು.

“ಗುತ್ಯಪ್ಪಣ್ಣ, ಬಾಗ್ಲು ಹಾಕಿದ ಕೂಡ್ಲೆ ಇದರ ದನಿ ತಾನಾಗೇ ನಿಲ್ಲೋ ಹಂಗೆ ಮಾಡಕ್ಕಾಗುತ್ತಾ? ಇನ್ನೊಂದ್ಸಲ ಹಿಂಗಾದ್ರೆ ಪೆಟ್ಟಿಗೆ ಜೊತೆ ನನ್ನೂ ನಿಟ್ಟೂರಿಗೆ ಕಳಿಸ್ತಾರಂತೆ ಅತ್ತೆ.”

ಆಗದೇ ಏನು, ಫ್ರಿಜ್ಜಿನ ಬಾಗಿಲಿಗೆ ಇರುವಂಥ ಒಂದು ಒತ್ತು ಸ್ವಿಚ್ಚು ಸಾಕು, ಅರ್ಧ ಗಂಟೆಯ ಕೆಲಸ ಎಂದ ಗುತ್ಯಪ್ಪ. ಮಂಗಳವಾರ ಬರುವುದಾಗಿಯೂ ಹೇಳಿದ.

ಸ್ವಿಚ್ಚನ್ನು ಆ ವಾರವೇ ಸಾಗರದಲ್ಲಿ ಕೊಂಡ. ಆದರೆ ಮದುವೆಯ ಕಾಲ. ಅವನು ಬಾಡಿಗೆಗೆ ಬಿಡುತ್ತಿದ್ದ ಮೈಕ್‌ಸೆಟ್ಟಿಗೆ ಒಂದು ದಿನ ಹುಂಚ, ಮರುದಿನ ತೀರ್ಥಹಳ್ಳಿ, ಅದರ ಮರುದಿನ ಲಾಂಚಿನಲ್ಲಿ ಹಿನ್ನೀರು ದಾಟಿ ಬ್ಯಾಕೋಡು. ಅಂಗಿಯ ಜೇಬಿನಲ್ಲಿ ಕೂತು ಆ ಸ್ವಿಚ್ಚು ಊರೆಲ್ಲ ಸುತ್ತಿತು, ಗೌಡರ ಮನೆಗೆ ಮಾತ್ರ ಹೋಗಲಿಲ್ಲ. ವನಮಾಲಾ ಎರಡು ಸಲ ಹೇಳಿಕಳಿಸಿದಳು. ಮೂರು ಮಂಗಳವಾರ ಕಳೆದವು.

ಒಂದು ಭಾನುವಾರ ಸಂಜೆ ಹಿಂದಿ ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಆಗಲೇ ಕೋಣೆಯಲ್ಲಿ ಮುಕುಂದಯ್ಯನವರಿಗೆ ಮೇಲುಸಿರು ಬಂತು. ಜನ ಸೇರುತ್ತಾರೆಂದು ವನಮಾಲಾ ಓಡಿಬಂದು ಟೀವಿಯ ಬಾಗಿಲೆಳೆದು ಬೀಗ ಹಾಕಿದಳು. ಸದ್ದೇ ಇಲ್ಲದಿರುವಾಗ ಗುಂಡಿಯ ನೆನಪಾದರೂ ಹೇಗೆ ಬರಬೇಕು? ಜೀವ ಹೋದ ಮೇಲೆ ಹೊಸ ಬಟ್ಟೆ ತೆಗೆಯಲೆಂದು ಜಲಜಮ್ಮ ಅವಳ ಸೊಂಟದಿಂದ ಬೀಗದ ಕೈಗಳ ಗೊಂಚಲು ಕಿತ್ತುಕೊಂಡರು. ಗಂಡಸರು ಹೆಣವನ್ನು ತಂದು ಹಜಾರದಲ್ಲಿ, ಟೀವಿಯ ಮುಂದೆ ಮಲಗಿಸಿದರು.

ಸುದ್ದಿ ಕೇಳಿ ಗುತ್ಯಪ್ಪ ಸೈಕಲ್ ಏರಿ ಬಂದಾಗ ಹಜಾರದ ತುಂಬ ಹೆಂಗಸರು ಕೂತು ಅಳುತ್ತಿದ್ದರು. ಅವನು ಬಾಗಿಲ ಬಳಿ ನಿಂತ. ಆಗ ಕರೆಂಟು ಬಂತು. ಬಲ್ಬು ಹತ್ತಿತು. ಅದರ ಹಿಂದೆಯೇ ಬೀಗ ಹಾಕಿದ ಪೆಟ್ಟಿಗೆಯೊಳಗಿಂದ ಯಾರೋ ಗಹಗಹಿಸಿ ನಕ್ಕರು.

ಅಳು ನಿಂತಿತು. ನಗುವಿನ ಬೆನ್ನಿಗೇ ಹಾಡೂ ಬಂತು. ವನಮಾಲಾ ಎದ್ದಳು. ಪ್ಲಗ್ಗು ಇದ್ದಿದ್ದು ಹೆಣದ ಆಚೆಯ ಗೋಡೆಯಲ್ಲಿ. ಹೆಣವನ್ನು ದಾಟುವಂತಿಲ್ಲ, ಸುತ್ತಿ ಹೋಗೋಣವೆಂದರೆ ಕಾಲಿಡಲು ಜಾಗವಿಲ್ಲ. ಬೀಗದ ಕೈ ಎಲ್ಲಿ ಎಂದು ಕೇಳಿದಳು, ಯಾರೂ ಹೇಳಲಿಲ್ಲ. ಯಾರೋ ಜಗಲಿಗೆ ಓಡಿ ಮೇನ್ ಸ್ವಿಚ್ಚು ಎಳೆಯುವ ಹೊತ್ತಿಗೆ ಒಂದು ಚರಣ ಪೂರ್ತಿ ಮುಗಿದಿತ್ತು.

“ಮನೆ ಯಜಮಾನ ಹೋದ್ರೆ ಇವ್ಳ ಪೆಟ್ಟಿಗೆ ನಗ್ತದೆ,” ಎಂದರು ಜಲಜಮ್ಮ, ಕತ್ತಲಲ್ಲಿ, ಎಲ್ಲರಿಗೂ ಕೇಳುವಂತೆ. “ನಗಲಿ. ಇದೇ ಬೇಕಾಗಿತ್ತು ಅವ್ಳಿಗೆ.”

ಗುತ್ಯಪ್ಪನ ಕೈ ಜೇಬಿನ ಮೇಲಿತ್ತು. ಸ್ವಿಚ್ಚು ಎದೆಗೆ ಒತ್ತುತ್ತಿತ್ತು. ‘ಆಕೆ ಇದಕ್ಕೇ ಹೆದರಿ ನನ್ನ ಬೇಡಿಕೊಂಡಿದ್ದರು’ ಎಂದು ಒಂದು ಮಾತು ಹೇಳಬಹುದಿತ್ತು. ಸಾವಿನ ಮನೆಯಲ್ಲಿ, ತನ್ನ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದ ಒಡೆಯರ ಮನೆಯಲ್ಲಿ, ತಾನು ಬಾಯಿ ಹಾಕುವುದು ಸರಿಯಲ್ಲ ಎಂದುಕೊಂಡ. ಅದು ನೆಪ. ಹಾಗಾದರೆ ನೀನೇಕೆ ಬರಲಿಲ್ಲ ಎಂದು ಯಾರಾದರೂ ಕೇಳಿಬಿಟ್ಟಾರೆಂದು ಅವನಿಗೆ ಹೆದರಿಕೆಯಾಗಿತ್ತು, ಅಷ್ಟೇ.

ತಿಥಿ ಮುಗಿದ ಮೇಲೆ ಒಂದು ಗುರುವಾರ ವನಮಾಲಾಳ ಗಂಡ ಹೂವಯ್ಯ ಹೇಳಿಕಳಿಸಿದ, ಆ ಸ್ವಿಚ್ಚು ಹಾಕಿಕೊಡಬೇಕಂತೆ ಎಂದು. ಹುಟ್ಟಿದ ಮೇಲೆ ಮೊದಲ ಸಲ ಗುತ್ಯಪ್ಪ ಕರೆದ ಗಳಿಗೆಗೇ ಹೋದ. ಕೆಲಸ ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಾಗಿಲು ತೆರೆದರೆ ಮಾತು, ಎಳೆದರೆ ಮೌನ. ಮನೆಯಲ್ಲಿ ವನಮಾಲಾ ಕಾಣಿಸಲಿಲ್ಲ. ಅವನು ಸಲಕರಣೆ ಕಟ್ಟುತ್ತ, ತಲೆಯೆತ್ತದೆ, ಹೂವಯ್ಯನಿಗೆ ಎಲ್ಲವನ್ನೂ ಹೇಳಿಬಿಟ್ಟ. ತಪ್ಪು ತನ್ನದು, ಬೇಕಾದರೆ ಅಮ್ಮನವರ ಕಾಲು ಹಿಡಿದು ಹೇಳುತ್ತೇನೆ ಎಂದ.

“ಅವ್ಳೂ ಹೇಳಿದ್ಲು. ನಂಗೆ ನಂಬಿಕೆ ಇದೆ,” ಎಂದ ಹೂವಯ್ಯ. “ಅವ್ಳು ತವರಿಂದ ಬಂದು ಮತ್ತೆ ಈ ಹೊಸ್ತಿಲು ತುಳಿದ ದಿನ ತಾನು ಬಾವಿಗೆ ಬೀಳ್ತೀನಿ ಅಂತ ಅಮ್ಮ ಅಪ್ಪನ ಹೆಸರಲ್ಲಿ ಆಣೆ ಇಟ್ಟಿದ್ದಾರೆ. ನಾನೇನು ಮಾಡ್ಲಿ ಗುತ್ಯಪ್ಪ? ಈಗ್ಲೇ ಜೀಪು ಬರ್ತದೆ. ಪೆಟ್ಟಿಗೇನ ನಿಟ್ಟೂರಿಗೆ ಮುಟ್ಟಿಸಿ ಬಾ. ಅವ್ರ ವಸ್ತು ಸರಿಯಾಗಿ ವಾಪಸ್ ಹೋಗ್ಲಿ.”

ನಿಟ್ಟೂರಿನ ಜಗಲಿಯಲ್ಲಿ ಕೂತಿದ್ದ ಅಪ್ಪ ಜೀಪಿನಿಂದ ಇಳಿದ ಪೆಟ್ಟಿಗೆಯನ್ನು ಕಂಡು ಮುಖ ತಿರುಗಿಸಿಕೊಂಡ. ಗೌಡರ ಮನೆಯವರು ಮಗಳನ್ನು ಮತ್ತೆ ಕರೆಯುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ವನಮಾಲಾ ಒಳಗಿನಿಂದ ಬಂದಳು, ಬಹಳ ಇಳಿದುಹೋಗಿದ್ದಳು. ಗುತ್ಯಪ್ಪ ಪ್ಲಗ್ಗು ಚುಚ್ಚಿದ. ಆಂಟೆನಾ ಇಲ್ಲದ ಪೆಟ್ಟಿಗೆ ಸುಮ್ಮನೆ ಭೋರ್ ಎಂದಿತು. ಅವನು ಬಾಗಿಲು ಎಳೆದ, ಸದ್ದು ನಿಂತಿತು.

“ಈಗ ಸರಿಯಾಯ್ತು ನೋಡಿ ಅಮ್ಮ,” ಎಂದ.

ಅವಳು ತಾನೇ ಒಮ್ಮೆ ತೆರೆದು ನೋಡಿದಳು, ಮತ್ತೆ ಎಳೆದಳು.

“ಇವತ್ತು ಮಂಗಳವಾರನಾ, ಗುತ್ಯಪ್ಪಣ್ಣ?”

“ಅಲ್ಲ ಅಮ್ಮ. ಗುರುವಾರ.”

ಅವಳು ತಲೆಯಾಡಿಸಿದಳು. ಪೆಟ್ಟಿಗೆಗೆ ಬೀಗ ಹಾಕಿ ಒಳಗೆ ಹೋದಳು.